ಕೋಚ್ ಮನೆಯ ಮುಂದಿನ ಫಲಕ

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಆ ದಿನ ಲಾಯ್ಡ್ ಕೆಸ್ಲರ್‌ನ ತಲೆಯೊಳಗೆ ಏನು ನಡೆಯಿತೆಂದು ಬರೆಯುವ ಅಧಿಕಾರ ನನಗಿಲ್ಲ. ಅವನಾಗಿ ಹೇಳಿದ್ದು ಸ್ವಲ್ಪ, ಊರು ಹೇಳಿದ್ದು ಸ್ವಲ್ಪ, ಉಳಿದದ್ದು ನನ್ನ ಊಹೆ. ಎಲ್ಲಾದರೂ ಅವನಿಗೆ ಅನ್ಯಾಯವಾಗಿದ್ದರೆ ಅದು ನನ್ನಿಂದಲೇ ಆದದ್ದು.

ಫಲಕ ಅಲುಗಲಿಲ್ಲ.

ಮಾರ್ಚ್ ಬಂದಿದ್ದರೂ ಕೋಲ್ಟರ್ಸ್‌ವಿಲ್‌ನ ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಲಾಯ್ಡ್ ಎರಡೂ ಕೈಗಳಿಂದ ಕಂಬ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕೋಚ್ ಮನೆಯ ಕಿಟಕಿಗಳಲ್ಲಿ ಪರದೆ ಎಳೆದಿತ್ತು. ಬೀದಿಯ ತುದಿಯಲ್ಲಿ ನಾಯಿಯೊಂದು ಅವನನ್ನು ನೋಡಿ ಬೊಗಳುವಷ್ಟು ಮುಖ್ಯನಲ್ಲವೆಂದು ತೀರ್ಮಾನಿಸಿ ಮುಂದೆ ಹೋಯಿತು.

‘ಮಾರಾಟಕ್ಕಿದೆ’ ಎಂದು ಫಲಕದ ಮೇಲೆ ಕೆಂಪು ಅಕ್ಷರಗಳಲ್ಲಿತ್ತು. ಕೆಳಗೆ ಪಕ್ಕದ ಊರಿನ ಮನೆ ಏಜೆಂಟನ ಹೆಸರು, ಫೋನ್ ನಂಬರು. ಅದರಲ್ಲೇನೂ ವಿಶೇಷವಿರಲಿಲ್ಲ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡ ಸೋಲತೊಡಗಿದರೆ ಕೋಚ್ ಮನೆಯ ಅಂಗಳದಲ್ಲಿ ಇಂಥ ಫಲಕ ನೆಡುವುದು ಈ ಊರಿನ ಪದ್ಧತಿ. ಇನ್ಯಾರದೋ ಮನೆಯ ಮುಂದಿನದನ್ನು ಕಿತ್ತು ತಂದು ನೆಡುತ್ತಾರೆ. ಹೊರಡು ಎಂದು ಬಾಯಿಬಿಟ್ಟು ಹೇಳುವುದು ಒರಟುತನವಾಗುತ್ತದೆ, ಇಲ್ಲಿಯವರು ಒರಟರಲ್ಲ. ಹಿಂದಿನ ಕೋಚ್‌ನ ಅಂಗಳದಲ್ಲಿ ಒಂದು ಚಳಿಗಾಲದಲ್ಲಿ ಎಷ್ಟು ಫಲಕ ಬೆಳೆದಿದ್ದವೆಂದರೆ ಹುಲ್ಲು ಕಾಣುತ್ತಿರಲಿಲ್ಲ.

ಅವನು ಕಾಲು ಕೊಟ್ಟು ಎಳೆದ. ಕಂಬ ಒಂದು ಮುದ್ದೆ ಮಣ್ಣಿನೊಂದಿಗೆ ಕಿತ್ತು ಬಂತು. ತಮಾಷೆಗೆ ನೆಟ್ಟವರು ಇಷ್ಟು ಆಳಕ್ಕೆ ಯಾಕೆ ನೆಟ್ಟರೆಂಬ ಪ್ರಶ್ನೆ ಅವನಿಗೆ ಹೊಳೆಯಲಿಲ್ಲ. ಫಲಕವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿ, ಅದರ ಮೇಲೊಂದು ಕಂಬಳಿ ಹೊದೆಸಿದ. ಕಂಬಳಿ ಯಾಕೆಂದು ಅವನಿಗೇ ತಿಳಿಯಲಿಲ್ಲ.

ಬಹಳ ದಿನಗಳ ಮೇಲೆ ತಾನು ಏನೋ ಮಾಡಿದೆನೆಂದು ಅನ್ನಿಸಿತು. ಮರುಕ್ಷಣವೇ, ಹಾಗೆ ಅನ್ನಿಸಿದ್ದರ ಬಗ್ಗೆ ಸಂಶಯವಾಯಿತು.

ಓಪಲ್‌ಳ ಹೋಟೆಲಿನಲ್ಲಿ ಆಗಲೇ ಸುದ್ದಿ ಕುದಿಯುತ್ತಿತ್ತು. ಕಾಫಿ ಯಂತ್ರದ ಮೇಲೆ ಊರಿನ ಹಳೆಯ ತಂಡದ ಚಿತ್ರ ತೂಗುತ್ತಿತ್ತು: ರಾಜ್ಯದ ಅಂತಿಮ ಪಂದ್ಯದವರೆಗೆ ಹೋಗಿ ಒಂದು ಅಂಕದಿಂದ ಸೋತ ತಂಡ. ಎಡದಿಂದ ಮೂರನೆಯವನು ರೋಜರ್ ಡೀಟ್ಸ್. ಅದೇ ಡೀಟ್ಸ್ ಈಗ ಚಿತ್ರದ ಕೆಳಗೆ ಕೂತು ಮೊಟ್ಟೆ ತಿನ್ನುತ್ತಿದ್ದ. ಧಾನ್ಯದ ಗೋದಾಮು ಅವನದು, ಶಾಲಾ ಸಮಿತಿಯ ಅಧ್ಯಕ್ಷನೂ ಅವನೇ. ಐದು ಜನರ ಆ ಸಮಿತಿಯಲ್ಲಿ ಲಾಯ್ಡ್ ಕೂಡ ಒಬ್ಬ.

“ಬಾರಯ್ಯ ಪ್ರೊಫೆಸರ್, ಕೂತ್ಕೊ. ನೋಡಿದ್ಯಾ, ಕೋಚ್ ಅಂಗಳದಲ್ಲಿ ಹೂವು ಬಿಟ್ಟಿದೆ.”

“ಯಾವ ಹೂವು?”

“ಮಾರ್ಚ್‌ನಲ್ಲಿ ಬಿಡೋ ಹೂವು. ಕೆಂಪು ಬಣ್ಣ, ಫೋನ್ ನಂಬರೂ ಇರತ್ತೆ.”

ಮೇಜು ನಕ್ಕಿತು. ಲಾಯ್ಡ್ ಕೂಡ ತುಟಿ ಅಗಲಿಸಿದ. ಹಗಲು ವಿಮಾ ಕಚೇರಿಯಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಓದಿ ಪದವಿ ಪಡೆದ ಮೇಲೆ ಈ ಮೇಜು ಅವನಿಗೆ ಪ್ರೊಫೆಸರ್ ಎಂದು ಹೆಸರಿಟ್ಟಿತ್ತು. ಶಾಲಾ ದಿನಗಳಲ್ಲಿ ಅವನು ಆಡಿದವನಲ್ಲ, ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವನು. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ. ಮರೆಯುತ್ತಲೂ ಇರಲಿಲ್ಲ.

“ಯಾರು ನೆಟ್ಟಿದ್ದು?” ಒಬ್ಬ ಕೇಳಿದ.

“ನಾನಲ್ಲಪ್ಪ, ನಂಗೆ ಬೆನ್ನುನೋವು” ಎಂದ ಡೀಟ್ಸ್. “ಯಾರೇ ಆಗ್ಲಿ, ಅವನ ಕಾಫಿ ದುಡ್ಡು ನಾನು ಕೊಡ್ತೀನಿ.”

“ನಾಚಿಕೆ ಆಗಲ್ವಾ ನಿಮಗೆ?” ಓಪಲ್ ಕಾಫಿ ಸುರಿಯುತ್ತಲೇ ಹೇಳಿದಳು. “ಮೊನ್ನೆ ಅಂಗಡೀಲಿ ಅವನ ಹೆಂಡತಿ ನನ್ನ ಹಿಂದೆ ನಿಂತಿದ್ಲು. ಅವಳ ಹಿಂದೆ ಒಂದು ನರಪಿಳ್ಳೇನೂ ನಿಲ್ಲಲಿಲ್ಲ. ಎಲ್ರೂ ಆ ಕಡೆ ಸಾಲಿಗೆ ಹೋದ್ರು.”

“ಗಂಡ ಗೆಲ್ಲಲಿ, ಓಪಲ್. ಆಗ ಜನ ಅವಳ ಸಾಮಾನು ಹೊತ್ಕೊಂಡು ಹೋಗಿ ಮನೇಲಿ ಇಟ್ಟು ಬರ್ತಾರೆ.”

“ಮಕ್ಕಳು ಕಣ್ರೋ ಅವು. ದೊಡ್ಡ ಕ್ಲಾಸಿನವರನ್ನ ಹೊರಗೆ ಕೂರ್ಸಿ ಚಿಕ್ಕ ಮಕ್ಕಳನ್ನ ಆಡಿಸ್ತಿದಾನೆ ಪಾಪ.”

“ಅದನ್ನೇ ನಾನೂ ಹೇಳ್ತಿರೋದು” ಎಂದ ಡೀಟ್ಸ್. ನಗು ನಿಂತಿತ್ತು. ಲಾಯ್ಡ್‌ನ ಕಡೆ ವಾಲಿದ. “ಸಂಜೆ ಸಭೇಲಿ ಕೋಚ್ ಪರ ಎರಡು ಕೈ, ವಿರುದ್ಧ ಎರಡು ಆಗತ್ತೆ. ಐದನೇ ಕೈ ನಿಂದು.”

“ನಾನಿನ್ನೂ ಯೋಚನೆ ಮಾಡ್ತಾ ಇದೀನಿ.”

“ಮಾಡು, ಮಾಡು. ಓದಿದವನು. ಸಂಜೆ ಒಳಗೆ ಮುಗ್ಸು ಅಷ್ಟೆ.”

ಲಾಯ್ಡ್‌ನ ಕೆಲಸ ಹಾನಿಯ ಅಂದಾಜು. ಆಲಿಕಲ್ಲು ಬಿದ್ದ ಕೊಟ್ಟಿಗೆ, ಗಾಳಿಗೆ ಹಾರಿದ ಚಾವಣಿ, ಬೆಂಕಿ ತಗುಲಿದ ಟ್ರ್ಯಾಕ್ಟರು. ಸುತ್ತ ಒಂದು ಸಲ ನಡೆದು ನೋಡಿದರೆ ಉಳಿದದ್ದೆಷ್ಟು, ಹೋದದ್ದೆಷ್ಟು ಎಂದು ಹೇಳಬಲ್ಲ. ಇಡೀ ಚಳಿಗಾಲ ಅವನು ಕೆಂಡಲ್ ರೋಶ್ ಎಂಬ ಈ ಎಳೆಯ ಕೋಚ್‌ನ ಸುತ್ತ ಹಾಗೆಯೇ ನಡೆದಿದ್ದ. ಊರಿನ ಪಂದ್ಯ ಒಂದನ್ನೂ ಬಿಡದೆ ನೋಡಿದ್ದ. ತಂಡ ಗೆದ್ದದ್ದು ಎರಡು. ಆದರೆ ಹುಡುಗರು ಈಗ ಚೆಂಡನ್ನು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಮೊದಲು ಬಹಳ ಅಂಕಗಳಿಂದ ಸೋಲುತ್ತಿದ್ದವರು ಆಮೇಲೆ ಸ್ವಲ್ಪದರಲ್ಲಿ ಸೋತರು. ಕೊನೆಕೊನೆಗೆ ಮತ್ತೆ ಬಹಳ ಅಂಕಗಳಿಂದ ಸೋತರು.

ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇನೆ ಎನ್ನುತ್ತಿದ್ದ ಕೆಂಡಲ್. ಕಟ್ಟುವಾಗಲೂ ಕೆಡವುವಾಗಲೂ ಏಳುವುದು ಒಂದೇ ಧೂಳು. ಹೊರಗೆ ನಿಂತವನಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಲಾಯ್ಡ್‌ಗೆ ತಿಳಿದಿರಲಿಲ್ಲ. ಆದರೂ ಅವನ ಪರ ಕೈ ಎತ್ತುವುದೆಂದು ಆ ಬೆಳಿಗ್ಗೆ ನಿರ್ಧರಿಸಿಬಿಟ್ಟಿದ್ದ. ಫಲಕ ಕಿತ್ತದ್ದೇ ಆ ನಿರ್ಧಾರ. ಕೈ ಮೊದಲು ತೀರ್ಮಾನಿಸಿತ್ತು, ತಲೆ ಅದರ ಹಿಂದೆ ಓಡುತ್ತ ಬರುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಎದ್ದಾಗ ವಿಮಾ ಕಚೇರಿಯ ಬಾಗಿಲಲ್ಲಿ ಮಾರ್ಲಿ ರೋಶ್ ನಿಂತಿದ್ದಳು. ಕೋಚ್‌ನ ಹೆಂಡತಿ. ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿದ್ದಳು.

“ಮಿಸ್ಟರ್ ಕೆಸ್ಲರ್, ಒಂದು ನಿಮಿಷ ಮಾತಾಡಬಹುದಾ?”

“ಬನ್ನಿ, ಕೂತ್ಕೊಳ್ಳಿ.”

ಅವಳು ಕೂರಲಿಲ್ಲ. “ಮನೆ ವಿಮೆ ನಿಮ್ಮಲ್ಲೇ ಇದೆ. ಅಂಗಳದಲ್ಲಿರೋ ವಸ್ತು ಕಳುವಾದ್ರೆ ನಿಮಗೆ ಹೇಳಬೇಕಾ?”

“ಏನು ಕಳುವಾಯ್ತು?”

“ಬೋರ್ಡು. ಮಾರಾಟಕ್ಕಿದೆ ಅನ್ನೋ ಬೋರ್ಡು.”

ಲಾಯ್ಡ್ ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದ. “ಅದು... ಅದು ಯಾರೋ ತಮಾಷೆಗೆ ನೆಟ್ಟಿದ್ದಲ್ವಾ?”

“ಅಲ್ಲ. ನಾನು ಹಾಕ್ಸಿದ್ದು.”

ಗೋಡೆಯ ಬಿಸಿಗಾಳಿ ಯಂತ್ರ ಕೆಮ್ಮಿ ಸುಮ್ಮನಾಯಿತು.

“ಮನೆ ನನ್ನ ಹೆಸರಲ್ಲಿದೆ” ಎಂದಳು. “ದುಡ್ಡು ನಮ್ಮಪ್ಪ ಕೊಟ್ಟಿದ್ದು. ಮನೆ ಕೊಂಡ್ರೆ ಊರು ನಂಬತ್ತೆ ಅಂತ ಮಿಸ್ಟರ್ ಡೀಟ್ಸ್ ಹೇಳಿದ್ರು, ಅದಕ್ಕೇ ಕೊಂಡ್ವಿ. ಬೆಳಗ್ಗೆ ಗಂಡ ಹೆಂಡತಿ ಯಾರೋ ನೋಡೋಕೆ ಬಂದಿದ್ರಂತೆ. ಬೀದಿ ಪೂರ್ತಿ ಸುತ್ತಿದ್ರಂತೆ. ಬೋರ್ಡೇ ಇಲ್ಲ. ಇವರು ಮಾರೋ ಮನಸ್ಸಿನವರಲ್ಲ ಅಂತ ವಾಪಸ್ ಹೋದ್ರು. ಈ ಊರಿಗೆ ಮನೆ ಕೊಳ್ಳೋಕೆ ಬರೋರು ಎಷ್ಟು ಜನ, ನೀವೇ ಹೇಳಿ.”

ಅವನು ಪೆನ್ನನ್ನು ಮತ್ತೊಂದು ಸಲ ಸರಿಸಿದ.

“ಕೋಚ್‌ಗೆ ಗೊತ್ತಾ? ನೀವು ಹಾಕ್ಸಿದ್ದು ಅಂತ?”

ಅವಳು ಮೊದಲ ಬಾರಿ ಕಣ್ಣು ತಪ್ಪಿಸಿದಳು. “ನಿನ್ನೆ ಸಂಜೆ ಬಂದವನೇ ಅದನ್ನ ನೋಡಿ ನಕ್ಕ. ‘ಮಾರ್ಲಿ, ಬಾ ಇಲ್ಲಿ, ಕೊನೆಗೂ ನಾನು ಈ ಊರಿನ ಕೋಚ್ ಆದೆ ಕಣೇ’ ಅಂದ. ಹೇಳೋಕೆ ಬಾಯಿ ತೆಗೆದೆ. ಅವನು ನಗ್ತಾನೇ ಇದ್ದ. ಅಷ್ಟು ನಕ್ಕಿದ್ದು ನಾನು ನೋಡಿ ತುಂಬಾ ದಿನ ಆಗಿತ್ತು.”

ಈಗ ಹೇಳಬೇಕು ಎಂದುಕೊಂಡ ಲಾಯ್ಡ್. ಫಲಕ ಹೊರಗೆ, ಹತ್ತು ಹೆಜ್ಜೆಯಾಚೆ, ಕಾರಿನ ಡಿಕ್ಕಿಯಲ್ಲಿ ಕಂಬಳಿ ಹೊದ್ದು ಮಲಗಿದೆ. ಒಂದು ವಾಕ್ಯ ಸಾಕು. ಆ ವಾಕ್ಯವನ್ನು ಅವನು ಮನಸ್ಸಿನಲ್ಲೇ ಕಟ್ಟಿದ, ತಿದ್ದಿದ, ಇನ್ನೂ ಸ್ವಲ್ಪ ತಿದ್ದಿದ. ಅಷ್ಟರಲ್ಲಿ ಅವಳು ಮುಂದುವರಿಸಿದ್ದಳು.

“ಸಂಜೆ ತೀರ್ಮಾನ ನಿಮ್ಮ ಕೈಯಲ್ಲಿದೆಯಂತೆ. ಎಲ್ರೂ ಅಂತಿದಾರೆ. ಅವನನ್ನ ತೆಗೆದುಹಾಕಿ, ಮಿಸ್ಟರ್ ಕೆಸ್ಲರ್.”

“ಅದು ಹಾಗೆ...”

“ನೀವು ಇಟ್ಕೊಂಡ್ರೆ ಅವನು ಇರ್ತಾನೆ. ಪೂರ್ತಿ ಮುಗಿದುಹೋಗೋವರೆಗೂ ಇರ್ತಾನೆ. ನೀವು ತೆಗೆದ್ರೆ ನಾನವನನ್ನ ಕರ್ಕೊಂಡು ಹೋಗಬಹುದು. ಇಲ್ದಿದ್ರೆ ನಾನೊಬ್ಳೇ ಹೋಗಬೇಕಾಗತ್ತೆ.”

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಅವಳು ತಿರುಗಿದಳು. “ನೀವು ಎಲ್ಲಾ ಆಟ ನೋಡಿದೀರಲ್ಲ. ಅವನು ಒಳ್ಳೆ ಕೋಚಾ? ನಿಜ ಹೇಳಿ.”

“ಇಂಥ ಸೀಸನ್‌ನಲ್ಲಿ ಹೇಳೋದು ಕಷ್ಟ.”

“ಎಲ್ರೂ ಹಾಗೇ ಅಂತಾರೆ” ಎಂದಳು. ಕೋಪವಿರಲಿಲ್ಲ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.

ಫಲಕವನ್ನು ಮತ್ತೆ ನೆಟ್ಟರೆ? ಹಗಲಲ್ಲಿ ಎಲ್ಲರೂ ನೋಡುತ್ತಾರೆ. ಶಾಲಾ ಸಮಿತಿಯ ಸದಸ್ಯನೇ ಕೋಚ್ ಅಂಗಳದಲ್ಲಿ ಫಲಕ ನೆಡುತ್ತಿದ್ದಾನೆ ಎಂದರೆ ಓಪಲ್‌ಳ ಹೋಟೆಲಿನಲ್ಲಿ ಅವನಿಗೆ ಜೀವನಪೂರ್ತಿ ಕಾಫಿ ಪುಕ್ಕಟೆ. ಅದನ್ನು ಯೋಚಿಸಿ ಅವನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಮಧ್ಯಾಹ್ನದ ಮೇಲೆ ಅವನು ಶಾಲೆಯ ಒಳಾಂಗಣ ಕ್ರೀಡಾಂಗಣಕ್ಕೆ ಹೋದ. ಊರಿನ ಎಲ್ಲರೂ ಒಟ್ಟಿಗೆ ಕೂತರೂ ಸೀಟು ಮಿಕ್ಕುವಷ್ಟು ದೊಡ್ಡದಾಗಿ, ಹಿಂದೆ ಯಾವಾಗಲೋ ಕಟ್ಟಿದ್ದು. ಸೀಸನ್ ಮುಗಿದಿತ್ತು. ಆದರೂ ಕೆಂಡಲ್ ಚಿಕ್ಕ ಹುಡುಗರನ್ನು ಕರೆಸಿಕೊಂಡಿದ್ದ. ಚೆಂಡು ಇರಲಿಲ್ಲ. ಹುಡುಗರು ಮಂಡಿ ಬಗ್ಗಿಸಿ, ಕೈ ಚಾಚಿ, ಏಡಿಗಳಂತೆ ಅಡ್ಡಡ್ಡ ಸರಿಯುತ್ತಿದ್ದರು.

“ಕೆಳಗೆ, ಇನ್ನೂ ಕೆಳಗೆ! ಏನೋ ಟೈಲರ್, ನಿಮ್ಮಜ್ಜಿ ಸೋಫಾ ಮೇಲೆ ಕೂತ ಹಾಗೆ ಕೂತಿದೀಯಲ್ಲೋ!”

“ನಮ್ಮಜ್ಜಿ ಇದಕ್ಕಿಂತ ಕೆಳಗೆ ಕೂರ್ತಾರೆ, ಕೋಚ್!”

“ಹಾಗಾದ್ರೆ ನಾಳೆ ಅವರನ್ನೇ ಕಳ್ಸು!”

ಹುಡುಗರು ನಕ್ಕರು, ಸರಿಯುವುದನ್ನು ನಿಲ್ಲಿಸಲಿಲ್ಲ. ಲಾಯ್ಡ್ ನೋಡಿದ. ಅದು ಚೆನ್ನಾಗಿತ್ತು. ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಡೀಟ್ಸ್ ನೋಡಿದ್ದರೆ ಚೆಂಡಿಲ್ಲದೆ ಆಡುವುದನ್ನು ಈ ತಂಡ ಆಗಲೇ ಚೆನ್ನಾಗಿ ಕಲಿತಿದೆ ಎನ್ನುತ್ತಿದ್ದ. ಅದೂ ಸುಳ್ಳೆಂದು ಹೇಳುವಂತಿರಲಿಲ್ಲ.

ಕೆಂಡಲ್ ಟವೆಲಿನಿಂದ ಮುಖ ಒರೆಸುತ್ತ ಬಂದ. ಕಣ್ಣ ಕೆಳಗೆ ಕಪ್ಪಾಗಿತ್ತು. ಆದರೂ ಮುಖದಲ್ಲಿ, ಎಲ್ಲೋ ಒಳಗೆ, ದೀಪ ಹಚ್ಚಿದಂತಿತ್ತು.

“ಸರ್, ನಿಮ್ಮನ್ನ ಏನೂ ಕೇಳಲ್ಲ. ಕೇಳೋದು ಸರಿ ಅಲ್ಲ.”

“ಹೂಂ.”

“ಎರಡು ವರ್ಷ ಸರ್. ಇವರು ದೊಡ್ಡವರಾಗ್ಲಿ. ಅಷ್ಟೇ ನಾನು ಹೇಳೋದು.” ಆಮೇಲೆ ತಡೆಯಲಾರದೆ, “ಒಂದು ವಿಷಯ ಹೇಳ್ಲಾ? ನಮ್ಮ ಅಂಗಳದಲ್ಲಿ ಬೋರ್ಡು ನೆಟ್ಟಿದ್ರು ಗೊತ್ತಲ್ಲ. ನಾನು ನಕ್ಕುಬಿಟ್ಟೆ, ಮಾರ್ಲಿ ಹೆದರಬಾರ್ದು ಅಂತ. ರಾತ್ರಿ ಪೂರ್ತಿ ನಿದ್ದೆ ಬರ್ಲಿಲ್ಲ. ಬಿಟ್ಟುಬಿಡೋಣ ಅಂದ್ಕೊಂಡೆ. ಬೆಳಗ್ಗೆ ಎದ್ದು, ಇವತ್ತೇ ರಾಜೀನಾಮೆ ಕೊಡ್ತೀನಿ ಅಂತ ಹೊರಗೆ ಬಂದ್ರೆ...”

“ಬಂದ್ರೆ?”

“ಬೋರ್ಡಿಲ್ಲ! ಯಾರೋ ಕಿತ್ತು ಹಾಕಿದಾರೆ. ಈ ಚಳೀಲಿ, ಆ ನೆಲದಿಂದ.” ಕೆಂಡಲ್‌ನ ಧ್ವನಿ ಸಣ್ಣಗಾಯಿತು. “ಊರಲ್ಲಿ ಒಬ್ಬನಾದ್ರೂ ಇದಾನೆ ಸರ್ ನನ್ನ ಕಡೆ. ಒಬ್ಬ ಸಾಕು ನಂಗೆ. ಮಾರ್ಲಿಗೂ ಹೇಳ್ದೆ.”

“ಅವರು ಏನಂದ್ರು?”

“ಏನೂ ಅನ್ಲಿಲ್ಲ. ಖುಷಿ ಆದ್ರೆ ಅವಳಿಗೆ ಮಾತೇ ಬರಲ್ಲ.”

ಲಾಯ್ಡ್ ನೆಲ ನೋಡಿದ. ನುಣುಪಾದ ಮರದ ನೆಲದಲ್ಲಿ ಅವನ ಮುಖ ಮಬ್ಬಾಗಿ, ಮೂಗಿಲ್ಲದೆ ಕಂಡಿತು. ತಾನು ಫಲಕ ಕೀಳದೆ ಇದ್ದಿದ್ದರೆ ಈ ಹುಡುಗ ಬೆಳಿಗ್ಗೆಯೇ ರಾಜೀನಾಮೆ ಕೊಡುತ್ತಿದ್ದ. ಮನೆ ಮಾರಿಹೋಗುತ್ತಿತ್ತು. ಗಂಡ ಹೆಂಡತಿ ಒಟ್ಟಿಗೆ ಹೊರಡುತ್ತಿದ್ದರು. ಯಾರ ಕೈಯೂ ಏಳಬೇಕಾಗಿರಲಿಲ್ಲ. ತಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ!

“ಯಾರಿರಬಹುದು ಸರ್?”

“ಯಾರೋ” ಎಂದ ಲಾಯ್ಡ್. “ಗೊತ್ತಿಲ್ಲ.”

ಕೆಂಡಲ್ ಅವನನ್ನು ಒಂದು ಕ್ಷಣ ನೆಟ್ಟ ದೃಷ್ಟಿಯಿಂದ ನೋಡಿ, ಏನೋ ಅರ್ಥವಾದವನಂತೆ ತಲೆಯಾಡಿಸಿದ. ಅವನಿಗೆ ಅರ್ಥವಾದದ್ದು ನಿಜವೇ ಆಗಿತ್ತು. ಅಷ್ಟಾಗಿಯೂ ಅದು ಪೂರ್ತಿ ತಪ್ಪಾಗಿತ್ತು.

ಸಭೆ ಶಾಲೆಯ ಗ್ರಂಥಾಲಯದಲ್ಲಿ. ಶಾಲೆಗೆ ಹೊಸ ಬಾಯ್ಲರ್ ಬೇಕೆಂಬ ಚರ್ಚೆಗೆ ಮೂರು ಜನ ಬರುವ ಕೋಣೆಯಲ್ಲಿ ಇವತ್ತು ಕಪಾಟುಗಳ ನಡುವೆಯೂ ಜನ ನಿಂತಿದ್ದರು. ಕೆಂಡಲ್ ಹಿಂದಿನ ಸಾಲಿನಲ್ಲಿ ಟೈ ಕಟ್ಟಿ ಕೂತಿದ್ದ. ಪಕ್ಕದಲ್ಲಿ ಮಾರ್ಲಿ, ಕೋಟು ತೆಗೆಯದೆ, ಕೈಗವಸು ಬಿಚ್ಚದೆ.

ಜನ ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಹುಡುಗ ಒಳ್ಳೆಯವನು, ಆದರೆ. ಮಕ್ಕಳಿಗೆ ಅವನೆಂದರೆ ಇಷ್ಟ, ಆದರೆ. ಒಬ್ಬ ಮುದುಕ ತಾನು ಸಾಯುವುದರೊಳಗೆ ಒಂದು ಒಳ್ಳೆಯ ತಂಡ ನೋಡಬೇಕೆಂದ. ಅದೊಂದೇ ಮಾತಿನಲ್ಲಿ ‘ಆದರೆ’ ಇರಲಿಲ್ಲ.

“ಇಟ್ಕೊಳ್ಳೋರು ಕೈ ಎತ್ತಿ” ಎಂದ ಡೀಟ್ಸ್.

ಇಬ್ಬರು ಎತ್ತಿದರು. ಡೀಟ್ಸ್ ಎತ್ತಲಿಲ್ಲ, ಅವನ ಪಕ್ಕದವಳು ಎತ್ತಲಿಲ್ಲ. ಕೋಣೆಯ ಕಣ್ಣುಗಳೆಲ್ಲ ಲಾಯ್ಡ್‌ನ ಮೇಲೆ ಬಂದು ಕೂತವು.

“ಪ್ರೊಫೆಸರೇ?”

ಅವನು ಮಾರ್ಲಿಯ ಕಡೆ ನೋಡಬಾರದೆಂದುಕೊಂಡ, ನೋಡಿದ. ಅವಳು ಬೇಡಿಕೊಳ್ಳುತ್ತಿರಲಿಲ್ಲ. ಉತ್ತರ ಮೊದಲೇ ತಿಳಿದವಳಂತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೆಂಡಲ್ ಮಾತ್ರ ಅವನನ್ನೇ ನೋಡುತ್ತಿದ್ದ. ಊರಿನಲ್ಲಿ ತನ್ನವನೊಬ್ಬ ಯಾರೆಂದು ಬಲ್ಲವನಂತೆ, ನಗುತ್ತ.

ತೆಗೆಯೋಣ ಎಂದರೆ ಆ ನಗು ಏನಾಗುತ್ತದೆಂದು ಲಾಯ್ಡ್ ನೋಡಬೇಕಾಗುತ್ತಿತ್ತು. ಇಟ್ಟುಕೊಳ್ಳೋಣ ಎಂದರೆ ಆಗುವುದನ್ನು ಅವನು ನೋಡಬೇಕಿರಲಿಲ್ಲ. ಅದು ಒಂದು ಮನೆಯೊಳಗೆ, ಪರದೆ ಎಳೆದ ಕಿಟಕಿಯ ಹಿಂದೆ ಆಗುತ್ತದೆ.

ಅವನ ಕೈ ಎದ್ದಿತು.

“ಕಾರಣ ಏನಾದ್ರೂ ಹೇಳ್ತೀಯಾ?” ಡೀಟ್ಸ್‌ನ ಧ್ವನಿ ತಣ್ಣಗಿತ್ತು.

“ಅಂದಾಜು ಮಾಡೋಕೆ ಇನ್ನೂ ಸ್ವಲ್ಪ ಸಮಯ ಬೇಕು” ಎಂದ ಲಾಯ್ಡ್. ಬಿದ್ದ ಕೊಟ್ಟಿಗೆಗಳ ಮಾಲೀಕರಿಗೆ ಅವನು ದಿನವೂ ಹೇಳುವ ಮಾತು ಅದು.

ಒಂದಿಷ್ಟು ಜನ ಚಪ್ಪಾಳೆ ತಟ್ಟಿದರು. ಕೆಂಡಲ್ ಎದ್ದುನಿಂತ, ಕೂತ, ಮತ್ತೆ ಎದ್ದ. ಮಾರ್ಲಿಯೂ ಚಪ್ಪಾಳೆ ತಟ್ಟುತ್ತಿದ್ದಳು. ಉಣ್ಣೆಯ ಕೈಗವಸಿನೊಳಗಿಂದ ಸದ್ದೇ ಬರಲಿಲ್ಲ.

ಕೈ ಕುಲುಕುವವರಿಂದ, ಕುಲುಕದವರಿಂದ ತಪ್ಪಿಸಿಕೊಳ್ಳಲು ಲಾಯ್ಡ್ ಒಳಾಂಗಣದ ಮೂಲಕ ಹೊರಟ. ಅಲ್ಲಿ ಯಾರೂ ಇರಲಿಲ್ಲ. ಬಾಗಿಲ ಮೇಲಿನ ಒಂದು ದೀಪ ಉರಿಯುತ್ತಿತ್ತು. ಮೆಟ್ಟಿಲು ಸೀಟುಗಳನ್ನು ಮಡಚಿ ಗೋಡೆಗೆ ಒತ್ತಿದ್ದರು.

ನಡುವೆ ನಿಂತು ಅವನು ತಲೆ ಎತ್ತಿದ. ದೂರದ ತುದಿಯಲ್ಲಿ, ರಿಂಗಿಗೂ ಹಿಂದಿನ ಗಾಜಿಗೂ ನಡುವೆ, ಒಂದು ಚೆಂಡು ಸಿಕ್ಕಿಕೊಂಡಿತ್ತು. ಒಳಗೆ ಬಿದ್ದಿರಲಿಲ್ಲ, ಹೊರಗೂ ಬಿದ್ದಿರಲಿಲ್ಲ. ಯಾವ ಹುಡುಗನೋ ಎಸೆದು, ಬೀಳುತ್ತದೆಂದು ಕಾದು, ಬೇಸತ್ತು ಮನೆಗೆ ಹೋಗಿರಬೇಕು.

ಅದನ್ನು ಬೀಳಿಸಬೇಕೆಂದು ಅವನಿಗೆ ಇದ್ದಕ್ಕಿದ್ದಂತೆ ಅನ್ನಿಸಿತು. ಇಷ್ಟಾದರೂ. ಕೆಳಗೆ ನಿಂತು ಹಾರಿದ. ಐವತ್ತು ದಾಟಿದ ಶರೀರ ನೆಲದಿಂದ ಎದ್ದದ್ದು ಬಹಳ ಕಡಿಮೆ. ಕೋಲು ಹುಡುಕಿದ, ಸಿಗಲಿಲ್ಲ. ಇನ್ನೊಂದು ಚೆಂಡಿಗಾಗಿ ನೋಡಿದ. ಚೆಂಡುಗಳ ಕೋಣೆಗೆ ಬೀಗ ಹಾಕಿತ್ತು.

ಕೊನೆಗೆ ಬಲಗಾಲಿನ ಬೂಟು ಬಿಚ್ಚಿ ಮೇಲಕ್ಕೆ ಎಸೆದ.

ಬೂಟು ಚೆಂಡನ್ನು ಮುಟ್ಟಲಿಲ್ಲ. ಗಾಜಿನ ಅಂಚನ್ನು ಸವರಿ, ಮಡಚಿದ ಸೀಟುಗಳ ಹಿಂದಿನ ಸಂದಿಗೆ ಹೋಯಿತು. ಬಿದ್ದ ಸದ್ದು ಬಂತು. ಸ್ವಲ್ಪ ತಡೆದು ಇನ್ನೂ ಕೆಳಗೆ ಬಿದ್ದ ಸದ್ದು. ಆಮೇಲೆ ಮತ್ತೊಂದು, ತೀರ ಆಳದಿಂದ. ಇಷ್ಟು ಆಳ ಅಲ್ಲಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಕಾಲುಚೀಲದ ಮೂಲಕ ನೆಲದ ತಣುಪು ಮೇಲೆ ಏರುತ್ತಿತ್ತು. ಒಂದು ಬೂಟಿನಲ್ಲಿ, ಒಂದು ಕಡೆ ವಾಲಿ, ಖಾಲಿ ಒಳಾಂಗಣದ ನಡುವೆ ಅವನು ಮೇಲೆ ನೋಡುತ್ತ ನಿಂತ. ಹೊರಗಿನ ಮೊಗಸಾಲೆಯಲ್ಲಿ ಯಾರೋ ಅವನ ಹೆಸರು ಹಿಡಿದು ಸಂತೋಷದಿಂದ ಕೂಗುತ್ತಿದ್ದರು. ಚೆಂಡು ಇದ್ದಲ್ಲೇ ಇತ್ತು.

ಆ ಸಂಜೆ ಕೆಂಡಲ್ ಮತ್ತು ಮಾರ್ಲಿ ಒಂದೇ ಕಾರಿನಲ್ಲಿ ಮನೆಗೆ ಹೋದರೇ ಎಂಬುದು ನನಗೆ ಗೊತ್ತಿಲ್ಲ. ಅವನು ಒಳ್ಳೆಯ ಕೋಚ್ ಆಗಿದ್ದನೇ ಎಂಬುದೂ ನನಗೆ ಗೊತ್ತಿಲ್ಲ.